ತಾಮ್ರಕ್ಕೆ ಅಂಟಿದ ಹಾಳೆ

"ಬುದ್ಧಿ, ಹನ್ನೆರಡು ವರ್ಷದಿಂದ ನಿಮ್ಮ ಪಾದದ ಬಳಿ ಕುಳಿತು ಕೇಳುತ್ತಿದ್ದೇನೆ. ಒಂದು ಮಾತನ್ನೂ ಮರೆತಿಲ್ಲ. ಆದರೂ ನಿನ್ನೆ ಒಡಹುಟ್ಟಿದ ತಮ್ಮನ ಮೇಲೆ ಕೈ ಎತ್ತಿದೆ. ಅವನು ಮನೆ ಬಿಟ್ಟು ಹೋಗಿದ್ದಾನೆ. ನನ್ನ ಕೋಪ ಏಕೆ ಇಳಿಯುವುದಿಲ್ಲ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಸರಿಮಾಡಿಕೊಡುವವನೊಬ್ಬ ಇದ್ದ. ಅವನ ಬಳಿಗೆ ಒಬ್ಬ ತಾಯಿ ಬಂದಳು. ಏಳನೆಯ ವಯಸ್ಸಿಗೇ ತೀರಿಕೊಂಡ ಅವಳ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದದ್ದು ಒಂದು ಕ್ಯಾಸೆಟ್ಟಿನಲ್ಲಿತ್ತು. ಅದಕ್ಕೆ ಬೂಸ್ಟು ಹಿಡಿದು, ಮಗುವಿನ ಮುಖ ಇರಬೇಕಾದಲ್ಲಿ ಬರೀ ಮಂಜು ಕಾಣುತ್ತಿತ್ತು. ತಾಯಿಯ ಕಣ್ಣುಗಳೂ ಹೋಗುತ್ತಿದ್ದವು. ದೃಷ್ಟಿ ಇನ್ನೊಂದು ತಿಂಗಳು ಎಂದು ವೈದ್ಯರು ಹೇಳಿದ್ದರು.

"ಪೂರ್ತಿ ಕತ್ತಲಾಗೋದರೊಳಗೆ ಅವಳ ಮುಖ ಒಂದು ಸಲ ತೋರಿಸಿಬಿಡಪ್ಪ" ಎಂದಳು. ಅವನು ಒಪ್ಪಿಕೊಂಡ.

ಒಂದೊಂದೇ ಚಿತ್ರವನ್ನು ತಿದ್ದಿ ಮುಖವನ್ನು ಹೊರತೆಗೆಯಲು ಕಂಪ್ಯೂಟರು ಎರಡು ದಿನ ಬಿಡದೆ ಓಡಬೇಕು. ಅದು ಅರ್ಧ ಗಂಟೆಗೇ ವಿಪರೀತ ಬಿಸಿಯಾಗಿ ತಾನಾಗಿ ಆಫ್ ಆಗಿಹೋಗುತ್ತಿತ್ತು. ಕೆಲಸ ಮತ್ತೆ ಮೊದಲಿನಿಂದ. ಕಂಪ್ಯೂಟರಿನ ಮಿದುಳು ಎಂದರೆ ಎರಡು ಬೆರಳಗಲದ ಒಂದು ಚಿಪ್. ಬಿಸಿಯಾಗುವುದು ಅದೇ. ಅದರ ಬಿಸಿ ಎಳೆದು ಹೊರಬಿಡಲು ಮೇಲಿದ್ದ ಕೂಲರ್ ಚಿಕ್ಕದು. ಅವನು ಪೇಟೆಯಿಂದ ದೊಡ್ಡದೊಂದನ್ನು ತಂದ. ತಳಕ್ಕೆ ತಾಮ್ರ, ಮೇಲೆ ತಗಡುಗಳ ಸಾಲು, ಎರಡು ಕಡೆ ಫ್ಯಾನು. ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರ.

ಕೆಲಸದಲ್ಲಿ ಅವನು ಬಹಳ ಅಚ್ಚುಕಟ್ಟು. ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಪೂರ್ತಿ ಹೊರತೆಗೆದ. ಭಾರಕ್ಕೆ ಬೋರ್ಡು ಬಾಗದಂತೆ ಹಿಂಬದಿಗೆ ಆಧಾರದ ಪಟ್ಟಿ ಕೊಟ್ಟ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟೇ ಇಟ್ಟ. ನಾಲ್ಕು ಸ್ಕ್ರೂಗಳನ್ನು ಒಮ್ಮೆಗೇ ಬಿಗಿಯದೆ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಇಷ್ಟು ಶಿಸ್ತಿನವರನ್ನು ನನ್ನ ಶಿಷ್ಯರಲ್ಲಿ ನಾನು ಕಂಡಿಲ್ಲ.

ಆದರೆ ತಾಮ್ರದ ತಳಕ್ಕೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದು ಅಂಟಿತ್ತು. ಕೂರಿಸುವ ಮೊದಲು ಕಿತ್ತುಹಾಕಿ ಎಂದು ಅದರ ಮೇಲೆಯೇ ಅಚ್ಚಾಗಿತ್ತು. ಅವನು ಓದಿದ. ಅವನ ಮನೆಯಲ್ಲಿ ಹೊಸ ಸಾಮಾನಿನ ಹಾಳೆ ಕಿತ್ತವರೇ ಇಲ್ಲ. ಟಿವಿಯ ರಿಮೋಟಿಗೆ, ಸ್ಕೂಟರಿನ ಸೀಟಿಗೆ, ಫ್ರಿಜ್ಜಿನ ಬಾಗಿಲಿಗೆ ಕೊಂಡ ದಿನದ ಹಾಳೆ ಇನ್ನೂ ಇತ್ತು. 'ಫ್ರಿಜ್ಜಿನ ಮೇಲೂ ಹೀಗೇ ಬರೆದಿತ್ತು. ಕೀಳಲಿಲ್ಲ, ತಣ್ಣಗೇ ಇದೆ' ಎಂದುಕೊಂಡ. ತಾಮ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಗೀರು ಬಿದ್ದೀತೆಂದು ಹಾಳೆ ಕೀಳಲು ಅವನಿಗೆ ಮನಸ್ಸಾಗಲಿಲ್ಲ. ಹಾಳೆಯ ಸಮೇತ ಕೂರಿಸಿಬಿಟ್ಟ. ನಗಬೇಡ, ನಿಮ್ಮ ಮನೆಯ ಕುರ್ಚಿಗಳನ್ನೂ ನಾನು ನೋಡಿದ್ದೇನೆ.

ಕಂಪ್ಯೂಟರು ಈಗ ಐದೇ ನಿಮಿಷಕ್ಕೆ ಆಫ್ ಆಯಿತು. ಅವನು ಇನ್ನೊಂದು ಫ್ಯಾನು ಕಟ್ಟಿದ. ಕ್ಯಾಬಿನೆಟ್ಟಿನ ಬಾಗಿಲು ತೆಗೆದಿಟ್ಟ. ಕಿಟಕಿಗೆ ಒದ್ದೆ ಚೀಲ ಇಳಿಬಿಟ್ಟ. ಮತ್ತೆ ಮತ್ತೆ ಆಫ್ ಆಯಿತು. ಮೂರು ವಾರ ಕಳೆದವು. ತಾಯಿ ಈಗ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

ಪಕ್ಕದ ಅಂಗಡಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಕೊನೆಗೆ ಅವಳನ್ನು ಕರೆದು ತೋರಿಸಿದ.

"ಕೂಲರಿನದೇನೂ ತಪ್ಪಿಲ್ಲ ಕಣಮ್ಮ. ಬೇಕಾದ್ರೆ ಮುಟ್ಟಿ ನೋಡು, ಎಷ್ಟು ತಣ್ಣಗಿದೆ!"

ಅವಳು ಮುಟ್ಟಿದಳು. "ಅದೇ ತಪ್ಪು ಅಣ್ಣಾ. ಕೆಳಗೆ ಚಿಪ್ಪು ಸುಡ್ತಾ ಇರೋವಾಗ ಇದು ಹೇಗೆ ತಣ್ಣಗಿರುತ್ತೆ? ಅದರ ಬಿಸಿ ಇದಕ್ಕೆ ಹತ್ತಬೇಕಿತ್ತು. ನಡುವೆ ಏನೋ ಅಡ್ಡ ಇದೆ."

ಬಿಚ್ಚಿ ನೋಡಿದರು. ಹಾಳೆ ಇತ್ತು. ಅವಳು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ಕಿತ್ತಳು. ತಾಮ್ರಕ್ಕೆ ಗೀರು ಬಿತ್ತು. ಅವನು ಏನೋ ಹೇಳಲು ಬಾಯಿ ತೆರೆದು, ತಾಯಿಯನ್ನು ನೆನೆದು ಮುಚ್ಚಿಕೊಂಡ. ಹೊಸ ಪೇಸ್ಟ್ ಇಟ್ಟು ಮತ್ತೆ ಕೂರಿಸಿದರು. ಈ ಸಲ ಕೂಲರ್ ಬೆಚ್ಚಗಾಯಿತು. ಕಂಪ್ಯೂಟರು ಎರಡು ದಿನ ಒಂದೇ ಸಮನೆ ಓಡಿತು.

ಮೂರನೆಯ ದಿನ ತಾಯಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತಳು. ಮಂಜು ಇರಲಿಲ್ಲ. "ಅವಳಿಗೆ ಆಗ ಮುಂದಿನ ಹಲ್ಲು ಬಿದ್ದಿತ್ತು ಅಲ್ವಾ. ನಾನು ಮರೆತೇಬಿಟ್ಟಿದ್ದೆ" ಎಂದಳು. ಅಳುತ್ತಲೇ ನಕ್ಕಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಕಣ್ಣೊರೆಸಿಕೊಂಡ.

"ತಮ್ಮನ ಮೇಲೆ ಕೈ ಎತ್ತಿದಾಗ ನನ್ನ ಮಾತು ನಿನಗೆ ನೆನಪಿತ್ತೇ?" ಎಂದು ಗುರುಗಳು ಕೇಳಿದರು.

"ಇತ್ತು ಬುದ್ಧಿ. ಒಂದಕ್ಷರವೂ ತಪ್ಪದೆ ನೆನಪಿತ್ತು."

"ನೀನು ಕಾದು ಕೆಂಡವಾದಾಗಲೂ ಆ ಮಾತು ಹಾಳೆ ಅಂಟಿದ ಕೂಲರಿನ ಹಾಗೆ ತಣ್ಣಗೇ ಇತ್ತು" ಎಂದರು ಗುರುಗಳು.

ಮರುಳಸಿದ್ಧ ತಮ್ಮನನ್ನು ಹುಡುಕಲು ಎದ್ದ.