ಮುದ್ರೆಯೊಳಗೆ ಮಾಯ್ದ ಕೈ

"ಕೇಳ್ರಪ್ಪೋ ಕೇಳಿ! ರಾಜಕುವರಿ ನಾಗಲೆಯ ಮೂರು ಒಗಟು ಬಿಡಿಸಿದವನು ಅವಳನ್ನು ಮದುವೆಯಾಗಬಹುದು, ಇಲ್ಲವೇ ಬೇಕಾದ ವರ ಬೇಡಬಹುದು. ತಪ್ಪು ಹೇಳಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ. ಇದು ಕಾಟರಸನ ಆಜ್ಞೆ!"

ಆರು ತಿಂಗಳಿಂದ ಇದನ್ನೇ ಕೂಗಿ ಕೂಗಿ ಡಂಗುರದವನ ಗಂಟಲು ಕಟ್ಟಿತ್ತು.

ಹಿಂದಿನ ವರ್ಷ ಕಾದ ಎಣ್ಣೆ ಚೆಲ್ಲಿ ರಾಜಕುವರಿಯ ಬಲಗೈ ಸುಟ್ಟಿತ್ತು. ರಾಜಮನೆತನದ ಗಾಯವನ್ನು ಪರರು ನೋಡಬಾರದು, ಮುಟ್ಟಬಾರದು ಎಂಬುದು ಆ ನಾಡಿನ ಕಟ್ಟಳೆ. ಪಟ್ಟಿ ಸುತ್ತಿ, ಅರಗು ಸುರಿದು, ಅರಸನೇ ಮುದ್ರೆಯೊತ್ತಬೇಕು. ನಲವತ್ತೆಂಟು ದಿನ ಬಿಚ್ಚುವಂತಿಲ್ಲ. ಗಾಯವೇನೋ ಮಾಯಿತು. ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಅಂದಿನಿಂದ ಆ ಕೈ ಸೆರಗಿನ ಮರೆಯಲ್ಲೇ ಇತ್ತು. ಮದುವೆಯ ಮಾತು ಬಂದಾಗ ಒಗಟು ಕಟ್ಟಿದವಳು ಮಗಳು. ಕಂಡಕಂಡವರೆಲ್ಲ ಬಂದಾರೆಂದು ತಲೆಯ ಷರತ್ತು ಸೇರಿಸಿದವನು ಅಪ್ಪ.

ಕೇತ ಅರಮನೆಗೆ ಬಂದದ್ದು ಮದುವೆಗಲ್ಲ. ಅವನು ಹೇರು ಹೊರುವ ಎತ್ತುಗಳ ಹುಣ್ಣಿಗೆ ಮದ್ದು ಹಾಕುವವನು. ಅವನ ಅಣ್ಣ ಬೊಮ್ಮ ಮೂಳೆ ಕೂಡಿಸುವವನು, ಬಾಯಿ ಜೋರು. ಒಗಟು ಬಿಡಿಸುತ್ತೇನೆಂದು ಹೋಗಿ ಸೆರೆಮನೆ ಸೇರಿದ್ದ. ಅಮಾವಾಸ್ಯೆಗೆ ಎರಡೇ ದಿನವಿತ್ತು. ಮೂರು ದಿನ ನಡೆದು ಬಂದ ಕೇತನಿಗೆ ಹೆದರಿಕೊಳ್ಳುವಷ್ಟು ಕಸುವೂ ಉಳಿದಿರಲಿಲ್ಲ. ಎಲ್ಲಾದರೂ ಕೂತರೆ ಸಾಕಾಗಿತ್ತು.

ಓಲಗದಲ್ಲಿ ಅವನ ಮುಂದೆ ಇಬ್ಬರಿದ್ದರು. ಮೊದಲನೆಯವನು ನೆರೆನಾಡಿನ ಅರಸುಮಗ.

ನಾಗಲೆ ಕೇಳಿದಳು: "ನನ್ನ ಮನೆಯ ಗೋಡೆ ಒಡೆಯಿತು. ಕರೆಯದೆಯೇ ಕೆಲಸದವರು ಬಂದರು. ಕೈಯಲ್ಲಿ ಕರಣೆಯಿಲ್ಲ, ಗಾರೆಯಿಲ್ಲ, ಸದ್ದೂ ಇಲ್ಲ. ಬಿರುಕು ಮುಚ್ಚಿದರು. ಯಾರವರು?"

"ಗೆದ್ದಲು!" ಎಂದ ಅರಸುಮಗ. ಭಟರು ಅವನ ರಟ್ಟೆ ಹಿಡಿದರು.

ಎರಡನೆಯವರು ನಡುವಯಸ್ಸಿನ ಪಂಡಿತರು. "ನಮ್ಮ ಮೈಯೇ, ತಾಯಿ. ಗಾಯವಾದಲ್ಲಿ ರಕ್ತಮಾಂಸ ತಾನಾಗಿ ಕೂಡುತ್ತದೆ" ಎಂದರು.

"ಸರಿ. ಎರಡನೆಯದು. ಮನೆಯವನ ಜಾಗದಲ್ಲಿ ಒಬ್ಬ ಬಂದು ಕೂತಿದ್ದಾನೆ. ಬೆವರಲಾರ, ಬಗ್ಗಲಾರ, ಮನೆಗೆಲಸ ಒಂದನ್ನೂ ಅರಿಯ. ಆದರೂ ಅವನು ಎದ್ದರೆ ಮನೆ ಬಿದ್ದೀತು. ಯಾರವನು?"

ಪಂಡಿತರ ಮುಖ ಅರಳಿತು. "ಮನೆಯಳಿಯ! ಹದಿನೆಂಟು ವರ್ಷದಿಂದ ನಾನೇ ಒಬ್ಬ. ಸ್ವಂತ ಮನೆಯೊಂದನ್ನು ಬೇಡೋಣವೆಂದೇ ಬಂದೆ."

ಸಭೆಯೆಲ್ಲ ನಕ್ಕಿತು. ರಾಜಕುವರಿ ನಗಲಿಲ್ಲ. ಪಂಡಿತರನ್ನೂ ಕರೆದೊಯ್ದರು.

ಕೇತ ಎದ್ದ. "ನಾನು ಆ ಬೊಮ್ಮನ ತಮ್ಮ, ತಾಯೀ. ಮೊದಲನೆಯದು ಅವರೇ ಹೇಳಿದರು. ಎರಡನೆಯದು ಮಾಯ್ದ ಗಾಯದ ಚರ್ಮ. ಎತ್ತಿನ ಬೆನ್ನ ಮೇಲೆ ದಿನಾ ನೋಡ್ತೀನಿ. ಅಲ್ಲಿ ಕೂದಲು ಬರಲ್ಲ, ಬೆವರು ಬರಲ್ಲ, ಎಳೆದರೆ ಹಿಗ್ಗಲ್ಲ. ಅದೂ ಇಲ್ಲದಿದ್ದರೆ ಎತ್ತು ಉಳಿಯಲ್ಲ."

"ಸರಿ. ಮೂರನೆಯದು. ಬಿರುಕು ಮುಚ್ಚಲು ಬಂದವರು ಮುಚ್ಚಿದ ಮೇಲೂ ಹೋಗಲಿಲ್ಲ. ಗೋಡೆಗೆ ಗೋಡೆ ಕಟ್ಟಿ ಕೋಣೆ ತುಂಬಿಸಿದರು, ಬಾಗಿಲನ್ನೂ ಮುಚ್ಚಿದರು. ಅವರನ್ನು ಕೆಲಸ ಬಿಡದಂತೆ ಹಿಡಿದಿಟ್ಟವರು ಯಾರು? ನಿನ್ನ ಅಣ್ಣ ಇಲ್ಲಿ 'ಬೆಂಕಿ' ಎಂದ."

ಕೇತ ಒಂದು ಹೆಜ್ಜೆ ಮುಂದೆ ಬಂದ. ಹುಣ್ಣು ನೋಡದೆ ಮದ್ದು ಹೇಳಿ ಅವನಿಗೆ ರೂಢಿಯಿರಲಿಲ್ಲ.

"ಕೈ ತೋರಿಸಿ, ತಾಯೀ."

"ಎಲವೋ!" ಎಂದು ಮಂತ್ರಿ ಗದರಿಸಿದ. ಅಷ್ಟರಲ್ಲಿ ಅವಳು ಸೆರಗು ಸರಿಸಿ ಕೈ ಚಾಚಿದ್ದಳು. ಬೆರಳುಗಳು ಅಂಗೈಗೆ ಅಂಟಿದ್ದವು. ಚರ್ಮ ಒಣಗಿದ ಹಗ್ಗದ ಹಾಗೆ ಬಿಗಿದಿತ್ತು. ಮಣಿಕಟ್ಟಿನ ಮೇಲೆ, ಎಣ್ಣೆ ತಾಗದ ಕಡೆಯಲ್ಲೂ, ಕಾಸಗಲದ ದುಂಡನೆಯ ಗಂಟು.

ಅವನು ಬಹಳ ಹೊತ್ತು ನೋಡಿದ. ಉತ್ತರ ತಿಳಿಯಿತು. ಹೇಳಿದರೆ ತಲೆ, ಹೇಳದಿದ್ದರೂ ತಲೆ.

"ಗೊರಸಿನೊಳಗೆ ಮುಳ್ಳು ಉಳಿದರೆ ಮೈ ಅದರ ಸುತ್ತ ಕಟ್ಟುತ್ತಲೇ ಇರುತ್ತೆ. ಮುಳ್ಳು ಇರೋ ತನಕ ಕೆಲಸ ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ. ಬೆಂಕಿಯಂಥ ಎಣ್ಣೆ ಒಂದು ಗಳಿಗೆ ಸುಟ್ಟಿತು, ಹೋಯಿತು. ಪಟ್ಟಿ ಹಸಿ ಮಾಂಸಕ್ಕೆ ಅಂಟಿ, ಅಲುಗಿದಾಗಲೆಲ್ಲ ಕಿತ್ತು, ನಲವತ್ತೆಂಟು ದಿನವೂ ಹೊಸ ಗಾಯ ಮಾಡಿತು. ಮಡಚಿಟ್ಟ ಬೆರಳು ಮಡಚಿದ ಹಾಗೇ ಕೂಡಿಕೊಂಡವು. ಕೆಲಸದವರನ್ನು ಹಿಡಿದಿಟ್ಟಿದ್ದು ಮಣಿಕಟ್ಟಿನ ಮೇಲೆ ಗಂಟು ಉಳಿಸಿದ ಆ ಮುದ್ರೆ, ತಾಯೀ." ಅರಸನ ಕಡೆ ತಿರುಗಿದ. "ಒತ್ತಿದವರು ಬುದ್ಧಿಯೋರು."

ಕಾಟರಸ ಕತ್ತಿಗೆ ಕೈಹಾಕಿ ಎದ್ದ.

"ಉತ್ತರ ಸರಿ, ಅಪ್ಪಾ" ಎಂದಳು ನಾಗಲೆ. "ಪಟ್ಟಿ ಬಿಚ್ಚಿದ ದಿನವೇ ನನಗೆ ತಿಳಿಯಿತು. ನೀನು ಅಕ್ಕರೆಯಿಂದ ಮಾಡಿದ್ದು. ನನ್ನ ಬಾಯಲ್ಲಿ ಬರಲಿಲ್ಲ. ಯಾರಾದರೂ ಹೇಳಲಿ ಎಂದು ಕಾದೆ."

"ಅಷ್ಟಕ್ಕೆ ಇಷ್ಟು ಜನರ ತಲೆಯೇ?" ಎಂದ ಅರಸ.

"ತಲೆ ನಾನು ಕೇಳಿರಲಿಲ್ಲ."

ಅರಸ ಕೂತ. ಸ್ವಲ್ಪ ಹೊತ್ತಿನಲ್ಲೇ ವಯಸ್ಸಾದವನಂತೆ ಕಂಡ. "ಏನು ಬೇಕೋ ಕೇಳಪ್ಪಾ" ಎಂದ.

"ಸೆರೆಯಲ್ಲಿರೋರನ್ನೆಲ್ಲ ಬಿಡಿ, ಬುದ್ಧಿ."

"ಮದುವೆ?"

"ಮೊದಲು ಕೈ ಬಿಚ್ಚಲಿ. ಆಮೇಲೆ ಯಾರಿಗೆ ಕೊಡಬೇಕೋ ಅಮ್ಮಣ್ಣಿಯವರೇ ನೋಡಿಕೊಳ್ಳಲಿ."

ಸಂಜೆ ಬೊಮ್ಮ ಹೊರಬಂದ. "ಬೆಂಕಿ ಅಲ್ಲವಂತಲ್ಲೋ?" ಎಂದ.

"ಅಲ್ಲ, ಅಣ್ಣ."

"ನಾನು ಮೊದಲು ಮುದ್ರೆ ಅಂತಲೇ ಅಂದುಕೊಂಡಿದ್ದೆ."

ಕೇತ ವಾದಿಸಲಿಲ್ಲ. ಅಣ್ಣನ ಕುತ್ತಿಗೆಯನ್ನೊಮ್ಮೆ ಸವರಿ, ಅಲ್ಲೇ ಜಗಲಿಯ ಮೇಲೆ ಮಲಗಿಬಿಟ್ಟ.

ಪಂಡಿತರಿಗೆ ಅರಸ ಒಂದು ಮನೆ ಕೊಟ್ಟ. ಕೇತನಿಗೆ ಕೇಳದೆಯೇ ಇಪ್ಪತ್ತು ಎತ್ತು, ಮೇವಿನ ಹೊಲ ಕೊಟ್ಟ. ಬೆಚ್ಚನೆಯ ಹರಳೆಣ್ಣೆಯಲ್ಲಿ ಚರ್ಮವನ್ನು ನೀವಿ, ಬೆರಳನ್ನು ಕೂದಲೆಳೆಯಷ್ಟು ಹಿಗ್ಗಿಸುವುದನ್ನು ಕೇತ ಅರಸನಿಗೇ ಕಲಿಸಿದ. ಮೊದಲ ದಿನ ಮಗಳು ಚೀರಿದಳು. ಅರಸ ಕೈ ತೆಗೆದ.

"ಬಿಡಬೇಡಿ, ಬುದ್ಧಿ. ಬಿಟ್ಟರೆ ಮತ್ತೆ ಬಿಗಿಯುತ್ತೆ."

ಅರಸ ಬಿಡಲಿಲ್ಲ. ಬೆಳಗಿನ ಓಲಗ ತಡವಾಗತೊಡಗಿತು, ಯಾರೂ ಕೇಳಲಿಲ್ಲ. ಒಂದು ವರ್ಷಕ್ಕೆ ನಾಲ್ಕು ಬೆರಳು ಬಿಚ್ಚಿದವು. ಕಿರುಬೆರಳು ಕೊನೆಗೂ ಬಿಚ್ಚಲಿಲ್ಲ. ಅಪ್ಪ ಅದನ್ನು ನೀವುವುದನ್ನೂ ಬಿಡಲಿಲ್ಲ, ಮಗಳು ಸಾಕು ಎನ್ನಲೂ ಇಲ್ಲ.