ಹಿಂಗಾಲಿನ ಲಾಳ

"ಗುರುಗಳೇ, ಬೆಳಗಿನ ಪಾಠದಿಂದ ನನಗೆ ಫಲ ಕಾಣುತ್ತಿದೆ. ಕಲಿತದ್ದು ನೆನಪಿರುತ್ತದೆ, ನಾಲ್ಕು ಜನರ ಮುಂದೆ ಮಾತಾಡಲು ಬರುತ್ತದೆ. ಆದರೆ ಸಂಜೆ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತೇನಲ್ಲ, ಅದರಿಂದ ಸೊಳ್ಳೆ ಕಚ್ಚಿಸಿಕೊಂಡದ್ದು ಬಿಟ್ಟರೆ ಏನೂ ಆದಂತಿಲ್ಲ. ಅದನ್ನು ಬಿಡಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಬಿಡುವುದೇನು ಮಹಾ ಕಷ್ಟ! ಅದಕ್ಕೂ ಮೊದಲು ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಬ್ಬ ಅರಳೆ ವ್ಯಾಪಾರಿ ಇದ್ದ. ಸವಾರಿಗೆಂದು ಅವನು ಒಂದು ಹೆಣ್ಣು ಕುದುರೆಯನ್ನು ಸಾಕಿದ್ದ. ಮನುಷ್ಯ ಜಿಪುಣನೇನಲ್ಲ, ಕುದುರೆಯ ಮೇಲೆ ಪ್ರೀತಿಯೂ ಇತ್ತು. ಆದರೆ ಕೆಲಸಕ್ಕೆ ಬಾರದ ವಸ್ತುವನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಒಂದು ಗೂಟ ಹೆಚ್ಚಿಗೆ ಕಂಡರೂ ಕಿತ್ತು ಹಾಕಿಸುತ್ತಿದ್ದ.

ಒಂದು ದಿನ ಲಾಳ ಹೊಡೆಯುವವನು ಬಂದು ಹಳೆಯ ಲಾಳಗಳನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟ. ಮುಂಗಾಲಿನವು ಸವೆದು ತಗಡಾಗಿದ್ದವು. ಹಿಂಗಾಲಿನವುಗಳ ಮೇಲೆ ಇನ್ನೂ ಸುತ್ತಿಗೆಯ ಗುರುತು ಹಾಗೆಯೇ ಇತ್ತು. ವ್ಯಾಪಾರಿ ಅವನ್ನು ತಿರುವಿ ಮುರುವಿ ನೋಡಿದ. ದುಡಿಯುವುದು ಮುಂಗಾಲು, ಹಿಂಗಾಲು ಸುಮ್ಮನೆ ಹಿಂದೆ ಬರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

"ಹಿಂದಿನ ಕಾಲಿಗೆ ಇವು ಬೇಕೇನೋ?" ಎಂದ.

"ಈ ಮೆತ್ತನ್ನ ಎರಿ ಮಣ್ಣಿನ ನೆಲದಾಗ ಬ್ಯಾಡ ಅಂದ್ರ ಬಿಡ್ಲಿಕ್ಕೆ ಬರತದ್ರಿ" ಎಂದ ಲಾಳದವನು.

ವ್ಯಾಪಾರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಕುದುರೆಗೆ ಎರಡೇ ಲಾಳ. ಸುಗ್ಗಿ ಕಳೆಯಿತು, ಬೇಸಿಗೆ ಬಂತು. ಮೆತ್ತನೆಯ ಬಂಡಿದಾರಿಯಲ್ಲಿ ಅದು ಮೊದಲಿನಂತೆಯೇ ಓಡಾಡಿತು. ವ್ಯಾಪಾರಿಯ ಹೆಮ್ಮೆ ಕೇಳುವುದೇ ಬೇಡ. ಕುದುರೆ ಇದ್ದವರಿಗೂ ಹೇಳಿದ, ಎತ್ತು ಇದ್ದವರಿಗೂ ಹೇಳಿದ, ಏನೂ ಇಲ್ಲದವರನ್ನೂ ನಿಲ್ಲಿಸಿಕೊಂಡು ಹೇಳಿದ.

ಆಮೇಲೆ ಅವನ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಹುಡುಗನ ಊರು ಗುಡ್ಡದ ಆಚೆ. ಹುಡುಗ ಮಗಳ ಮನಸ್ಸಿಗೆ ಬಂದಿದ್ದ. ತೊಡಕೆಂದರೆ ಹುಡುಗನ ತಂದೆಯೊಬ್ಬನೇ. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ನಡುಮಧ್ಯಾಹ್ನದ ಮುಹೂರ್ತ ಮೀರಿದರೆ ಮಾತು ಮುರಿದಂತೆ ಎಂದು ಮೊದಲೇ ಹೇಳಿ ಕಳಿಸಿದ್ದ. ಹಿಂದೊಮ್ಮೆ ಬೇರೆ ಮನೆಯವರೊಡನೆ ಹಾಗೆ ಮುರಿದುಕೊಂಡೂ ಇದ್ದ.

ಹೆಂಗಸರು ಮಕ್ಕಳು ಗುಡ್ಡ ಬಳಸುವ ದಾರಿಯಲ್ಲಿ ಗಾಡಿ ಕಟ್ಟಿಕೊಂಡು ಹಿಂದಿನ ದಿನವೇ ಹೋದರು. ವ್ಯಾಪಾರಿ ಅಂಗಡಿಯ ಕೆಲಸ ಮುಗಿಸಿ ಮರುದಿನ ಬೆಳಿಗ್ಗೆ ಕುದುರೆ ಏರಿದ. ತಲೆಗೆ ಜರಿಯ ರುಮಾಲು ಸುತ್ತಿಕೊಂಡಿದ್ದ. ಚೀಲದಲ್ಲಿ ಬೀಗರಿಗೆಂದು ಕೊಂಡ ರೇಷ್ಮೆ ಶಾಲಿತ್ತು. ಗುಡ್ಡ ಹತ್ತಿ ಇಳಿದರೆ ಊರು ಹತ್ತಿರವೇ, ಕುದುರೆಯ ಮೇಲೆ ಎಷ್ಟು ಹೊತ್ತಿನ ದಾರಿ ಎಂದುಕೊಂಡು ಹಾಡುತ್ತಾ ಹೊರಟ.

ಗುಡ್ಡದ ದಾರಿಯೆಲ್ಲ ಬಂಡೆ. ಏರು ಶುರುವಾದದ್ದೇ ತಡ, ಕುದುರೆ ಜಾರಿತು. ವ್ಯಾಪಾರಿ ಇಳಿದ, ಲಗಾಮು ಸಡಿಲ ಬಿಟ್ಟು ಪಕ್ಕಕ್ಕೆ ಸರಿದು ನೋಡಿದ. ಆಗ ಅವನಿಗೆ ಕಂಡಿತು: ಏರಿನಲ್ಲಿ ಇಡೀ ಮೈಯನ್ನು ಮೇಲಕ್ಕೆ ನೂಕುತ್ತಿದ್ದದ್ದು ಹಿಂಗಾಲು. ಒತ್ತಿದಾಗಲೆಲ್ಲ ಗೊರಸು ಕಲ್ಲಿನ ಮೇಲೆ ಜಾರಿ ಅಂಚು ಸಿಡಿಯುತ್ತಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಕುದುರೆ ನಿಂತೇಬಿಟ್ಟಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು!

ಅದನ್ನು ಅಲ್ಲೇ ಬಿಟ್ಟು ನಡೆದರೆ ಮುಹೂರ್ತ ಸಿಗುತ್ತದೆ. ಆದರೆ ಆ ಗುಡ್ಡದಲ್ಲಿ ಚಿರತೆಗಳಿದ್ದವು. ಹಿಂದಿರುಗಿದರೆ ಮಗಳ ಮುಖ ನೋಡುವುದು ಹೇಗೆ? ವ್ಯಾಪಾರಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು. ಕುದುರೆ ಅವನ ಭುಜಕ್ಕೆ ಮೂತಿ ಒರೆಸಿತು. ಅವನು ತಲೆಯ ರುಮಾಲು ಬಿಚ್ಚಿದ. ಬರಿದಲೆಯಲ್ಲಿ ಬೀಗರ ಬಾಗಿಲಿಗೆ ಹೋಗುವುದು ಆ ಸೀಮೆಯಲ್ಲಿ ಅಪಶಕುನವೂ ಹೌದು, ಅವಮಾನವೂ ಹೌದು. ಆದರೂ ಅದನ್ನು ಕುದುರೆಯ ಒಂದು ಹಿಂಗಾಲಿಗೆ ದಪ್ಪಗೆ ಸುತ್ತಿದ. ಇನ್ನೊಂದು ಕಾಲು ಉಳಿಯಿತು. ಸ್ವಲ್ಪ ಹೊತ್ತು ಚೀಲವನ್ನೇ ನೋಡಿದ. ಕೊನೆಗೆ ಶಾಲನ್ನೂ ಹೊರತೆಗೆದ.

ಅವನು ಊರು ಮುಟ್ಟಿದಾಗ ಮುಹೂರ್ತಕ್ಕೆ ತುಸುವೇ ಹೊತ್ತಿತ್ತು. ಹುಡುಗನ ತಂದೆ ಮುಖ ಗಂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಧೂಳು ಮೆತ್ತಿದ, ಬರಿದಲೆಯ ಬೀಗನನ್ನೂ ಜರಿ ಉಟ್ಟ ಕುದುರೆಯನ್ನೂ ಮೇಲಿಂದ ಕೆಳಗೆ ನೋಡಿದ. ಒಳಗಿದ್ದ ಹೆಂಗಸರು ಕಿಟಕಿಗೆ ಬಂದು ಇಣುಕಿದರು.

"ತಪ್ಪಾತ್ರೀ" ಎಂದ ವ್ಯಾಪಾರಿ. "ಬಲಗಾಲಿಗಿರೋದು ನನ್ನ ರುಮಾಲು. ಎಡಗಾಲಿಗಿರೋದು ನಿಮಗ ತಂದ ಶಾಲು."

ಹುಡುಗನ ತಂದೆ ಬಗ್ಗಿ ಎಡಗಾಲನ್ನು ನೋಡಿದ. ಅವನ ಮೀಸೆ ಅಲುಗಿತು. ಆಮೇಲೆ ಕೇರಿಗೆಲ್ಲ ಕೇಳುವಂತೆ ನಕ್ಕುಬಿಟ್ಟ. "ಮೂಕ ಪ್ರಾಣಿ ಸಲುವಾಗಿ ತಲಿ ಬರಿದು ಮಾಡ್ಕೊಂಡು ಬಂದೀರಿ. ಇಂಥವರ ಮಗಳು ನಮ್ಮ ಮನಿಗೆ ಬರ್ಲಿ. ಶಾಲು ಮದುವಿಗೆ ತಂದ್ರಾತು" ಎಂದು ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಬೀಗನ ತಲೆಗೆ ಸುತ್ತಿ ಒಳಗೆ ಕರೆದುಕೊಂಡು ಹೋದ. ನಿಶ್ಚಿತಾರ್ಥ ನಡೆಯಿತು. ಹೋಳಿಗೆ ಊಟವೂ ಆಯಿತು. ಕುದುರೆಗೆ ಬೆಲ್ಲ ಸಿಕ್ಕಿತು.

ಕತೆ ಮುಗಿಯುತ್ತಲೇ ಶಿಷ್ಯನ ಮುಖ ಅರಳಿತು. "ಹಾಗಾದರೆ ಲಾಳ ತೆಗೆಸಿದ್ದರಿಂದ ಕೆಟ್ಟದ್ದೇನೂ ಆಗಲಿಲ್ಲವಲ್ಲ, ಗುರುಗಳೇ! ಒಳ್ಳೆಯದೇ ಆಯಿತು" ಎಂದ.

ಗುರುಗಳು ಅವನ ನುಣ್ಣನೆಯ ಬೋಳುತಲೆಯನ್ನು ನೋಡಿ ಹೇಳಿದರು:

"ಏರು ಬಂದಾಗ ಬಿಚ್ಚಿ ಕಟ್ಟಲು ಅವನ ತಲೆಯ ಮೇಲೆ ರುಮಾಲಿತ್ತಪ್ಪಾ, ನಿನ್ನ ತಲೆಯ ಮೇಲೆ ಏನಿದೆ?"