ಹೊಳೆಯಲ್ಲಿ ಮೀನೇ ಇಲ್ಲವೆಂದ ಕರಡಿಯಜ್ಜ

ಮಕ್ಕಳೇ, ದೂರದ ಚಳಿ ಸೀಮೆಯ ಕಾಡಿನಲ್ಲಿ ಒಂದು ಹೊಳೆ. ಹೊಳೆಯಲ್ಲಿ ಒಂದು ಗಿಡ್ಡ ಜಲಪಾತ, ಅದರ ಪಕ್ಕ ಒಂದು ಬಂಡೆ. ವರ್ಷಕ್ಕೊಮ್ಮೆ, ಒಂದೇ ಒಂದು ವಾರ, ಸಾಲ್ಮನ್ ಎಂಬ ದಪ್ಪ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಈ ಹೊಳೆಗೆ ಈಜಿ ಬರುತ್ತವೆ. ಜಲಪಾತ ಅಡ್ಡ ಬಂದರೆ ಹಾರಿ ದಾಟುತ್ತವೆ! ಆ ವಾರ ಹೊಟ್ಟೆ ತುಂಬಿಸಿಕೊಂಡ ಕರಡಿ ಮಾತ್ರ ಚಳಿಗಾಲವಿಡೀ ಗುಹೆಯಲ್ಲಿ ನೆಮ್ಮದಿಯಾಗಿ ಮಲಗಬಲ್ಲದು.

ಅಲ್ಲಿನ ಕರಡಿಗಳಲ್ಲಿ ಒಂದು ರೂಢಿಯಿತ್ತು. ಬೆಳಕು ಹರಿಯುತ್ತಲೇ ಎಲ್ಲರಿಗಿಂತ ಹಿರಿಯನಾದ ಜೂಲಜ್ಜ ಬಂಡೆ ಹತ್ತಿ ನೀರು ನೋಡಬೇಕು. ಅವನು "ಇಳಿಯಿರಿ" ಎನ್ನುವವರೆಗೆ ಯಾರೂ ದಡಕ್ಕೆ ಬರುವಂತಿಲ್ಲ, ಮೀನು ಬೆದರುತ್ತದೆ. ಉಳಿದವರೆಲ್ಲ ಮರಗಳ ಹಿಂದೆ ಕಾಯುತ್ತಿದ್ದರು.

ಆ ವರ್ಷ ಮೊದಲ ದಿನ ಜೂಲಜ್ಜ ನೋಡಿದ. ಎಲ್ಲ ಬೆಳ್ಳಗೆ. ಜಲಪಾತದ ಮೊರೆತದಲ್ಲಿ ಮೀನಿನ ಸದ್ದೂ ಕೇಳದು. "ಮೀನು ಇನ್ನೂ ಬಂದಿಲ್ಲ, ನಡೀರಿ," ಎಂದ.

ಎರಡನೆಯ ದಿನವೂ ಬೆಳ್ಳಗೆ. ಮಂಜಿರಬೇಕು ಅಂದುಕೊಂಡ. ಮನೆಗೆ ಬಂದರೆ ಗುಹೆಯೊಳಗೂ ಮಂಜು! ಆಗ ತಿಳಿಯಿತು, ಪೊರೆ ಬಂದಿರುವುದು ತನ್ನ ಕಣ್ಣಿಗೆ. ಅಜ್ಜ ಯೋಚಿಸಿದ. 'ಹೇಳಿದರೆ ಬಂಡೆಯಿಂದ ಇಳಿಸುತ್ತಾರೆ. ಆಮೇಲೆ ನನ್ನನ್ನು ಕೇಳುವವರು ಯಾರು?' ನೀವಾಗಿದ್ದರೆ ಹೇಳುತ್ತಿದ್ದಿರೋ ಏನೋ. ಅಜ್ಜ ಬಾಯಿ ಬಿಡಲಿಲ್ಲ.

ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನವೂ ಅದೇ ಮಾತು: "ಮೀನಿಲ್ಲ."

ಕೊಂಬೆಯ ಮೇಲಿದ್ದ ಮಿಂಚುಳ್ಳಿ ಹಕ್ಕಿಗೆ ತಡೆಯಲಾಗಲಿಲ್ಲ. ಮರಗಳತ್ತ ಹಾರಿ ಬಂದು, "ಅಯ್ಯೋ, ಹೊಳೆ ತುಂಬಾ ಮೀನಿದೆಯಲ್ರೀ!" ಎಂದಿತು.

"ಸುಮ್ನಿರೇ! ಅಂಗೈಯಷ್ಟಿಲ್ಲ, ಅಜ್ಜನಿಗೇ ಬುದ್ಧಿ ಹೇಳೋಕೆ ಬಂದ್ಲು," ಎಂದು ಕರಡಿಗಳು ಗದರಿದವು.

"ಆ ಮೀನು ನನಗಿಂತ ಎಷ್ಟೋ ಪಾಲು ದೊಡ್ಡದು, ನಾನಂತೂ ತಿನ್ನಲಾರೆ. ಸುಳ್ಳು ಹೇಳಿ ನನಗೇನಾಗಬೇಕು?"

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆರನೆಯ ಬೆಳಗ್ಗೆ ಕಪ್ಪಕ್ಕ ಎಂಬ ತಾಯಿ ಕರಡಿ ರೂಢಿ ಮುರಿದು ಬಂಡೆಯ ಹಿಂದಕ್ಕೇ ಬಂದು ನಿಂತಳು.

"ಅಜ್ಜಾ, ನನ್ನ ಹಾಲು ಬತ್ತುತ್ತಿದೆ. ಎರಡೂ ಮರಿಗಳು ಹಸಿದು ಅಳುತ್ತಿವೆ. ನೀನು ಇಲ್ಲ ಅಂದರೆ ಇವತ್ತೇ ಗುಡ್ಡ ದಾಟಿ ಬೇರೆ ಹೊಳೆ ಹುಡುಕುತ್ತೇನೆ. ಮರಿಗಳು ಅಷ್ಟು ದೂರ ನಡೆದಾವೋ ಇಲ್ಲವೋ. ಸರಿಯಾಗಿ ನೋಡಿ ಹೇಳು."

ಅಜ್ಜ ನೀರಿನತ್ತ ಬಗ್ಗಿ ನೋಡಿದ, ಎಲ್ಲ ಬೆಳ್ಳಗೆ. ಆದರೂ ಎದೆ ಸೆಟೆಸಿ, "ನನ್ನ ಮಾತಲ್ಲೇ ಅನುಮಾನವೇ? ಒಂದೇ ಒಂದು ಮೀನೂ ಇಲ್ಲ..."

ಫಟಾರ್! ಜಲಪಾತ ದಾಟಲು ನೆಗೆದ ಸಾಲ್ಮನ್ ಒಂದು ಗುರಿ ತಪ್ಪಿ ಅಜ್ಜನ ಮೂತಿಗೇ ಬಡಿಯಿತು. ಬಂಡೆಯ ಮೇಲೆ ಬಿದ್ದು ಪಟಪಟನೆ ಒದ್ದಾಡಿತು.

ಕಪ್ಪಕ್ಕ ಬಂಡೆ ಹತ್ತಿ ನೋಡಿದಳು. ಹೊಳೆಯಲ್ಲಿ ನೀರೇ ಕಾಣದಷ್ಟು ಮೀನು!

"ಅಜ್ಜಾ, ಇಷ್ಟೊಂದು ಮೀನು ನಿನಗೆ ಕಾಣಲಿಲ್ಲವೇ?"

ಅಜ್ಜ ತಲೆ ತಗ್ಗಿಸಿದ. "ಇಲ್ಲ ಮಗಳೇ. ಏನೂ ಕಾಣುತ್ತಿಲ್ಲ. ನಿನ್ನ ಮುಖವೂ."

"ಅಷ್ಟನ್ನು ಮೊದಲೇ ಹೇಳಿದ್ದರೆ ನಾವೇ ನಿನ್ನ ಕಣ್ಣಾಗುತ್ತಿದ್ದೆವಲ್ಲ!" ಕಪ್ಪಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಉಳಿದದ್ದು ಎರಡೇ ದಿನ. ಅಂದೂ ಮರುದಿನವೂ ಬಂಡೆಯ ಮೇಲೆ ಇಬ್ಬರಿದ್ದರು. ಮೀನು ಎಲ್ಲಿದೆಯೆಂದು ಕಪ್ಪಕ್ಕ ನೋಡಿ ಹೇಳಿದಳು, ಅಲ್ಲಿ ಹೇಗೆ ನಿಲ್ಲಬೇಕೆಂದು ಅಜ್ಜ ಹೇಳಿದ. ಅವನನ್ನು ಯಾರೂ ಇಳಿಸಲಿಲ್ಲ.

ಆದರೆ ಎರಡು ದಿನದ ಮೀನು ಎಷ್ಟಕ್ಕಾದೀತು? ಆ ಚಳಿಗಾಲ ಎಲ್ಲರೂ ಅರೆಹೊಟ್ಟೆಯಲ್ಲೇ ಮಲಗಿದರು. ಪಕ್ಕದ ಗುಹೆಯಲ್ಲಿ ಮರಿಗಳು ಹಸಿದು ಕುಂಯ್‌ಗುಟ್ಟಿದಾಗಲೆಲ್ಲ ಜೂಲಜ್ಜನಿಗೆ ಎಚ್ಚರವಾಗುತ್ತಿತ್ತು. ಕಣ್ಣು ಕಾಣದಿದ್ದರೂ ಅವನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ನೀತಿ: ನಮಗೆ ಕಾಣದಿದ್ದರೆ "ಕಾಣುತ್ತಿಲ್ಲ" ಎನ್ನಬೇಕು, "ಇಲ್ಲ" ಎನ್ನಬಾರದು; ಹಾಗೆ ಹೇಳಿದರೆ ನಮ್ಮ ಮಾತು ನಂಬಿದವರೂ ಹಸಿದು ಮಲಗಬೇಕಾಗುತ್ತದೆ.